ಗೆಳೆಯನಿಗೊಂದು ಪತ್ರ: ಬಂದೂಕಿನ ಗುಂಡಿಗೆ ಕೊಬ್ಬು ಯಾಕೆ ಬೇಕಿತ್ತು?

ಪ್ರೀತಿಯ ಶ್ರೀನಿ,

ನಿನ್ನ ಕ್ಲಾಸಿನ ಹುಡುಗಿ ಕೇಳಿದ ಪ್ರಶ್ನೆ ಬಹಳ ಹಿಡಿಸಿತು ಕಣೋ. "ದನದ ಕೊಬ್ಬೋ ಹಂದಿಯ ಕೊಬ್ಬೋ ಆಮೇಲಿನ ಮಾತು ಸಾರ್, ಗುಂಡಿಗೆ ಕೊಬ್ಬು ಯಾಕಾದರೂ ಸವರಬೇಕಿತ್ತು?" ನಾವು ಹೈಸ್ಕೂಲಲ್ಲಿ 1857ರ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸಿದವರು, ಇದನ್ನು ಕೇಳಲೇ ಇಲ್ಲ ನೋಡು. ಮೇಷ್ಟ್ರು ಕೊಬ್ಬು ಅಂದ ತಕ್ಷಣ ಧರ್ಮಕ್ಕೆ ಹಾರುತ್ತಿದ್ದರು. ಲೇತ್ ಮುಂದೆ ನಿಂತೇ ತಲೆ ನರೆಸಿಕೊಂಡ ನನ್ನಂಥವನಿಗೆ ಅದು ಮೊದಲು ಅಳತೆಯ ಕಥೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬೇಡದ್ದು ಬಿಟ್ಟು ಹೇಳಿಕೋ.

ಕಂಪನಿಯ ಸಿಪಾಯಿಯ ಹಳೆಯ ಬಂದೂಕಿನ ನಳಿಗೆ ಒಳಗೆ ನುಣ್ಣಗಿತ್ತು. ಬಾಯಿ ಮುಕ್ಕಾಲು ಇಂಚು, ಸೀಸದ ಉಂಡೆ ಸುಮಾರು 0.69 ಇಂಚು. ನಡುವೆ ಒಂದೂವರೆ ಮಿಲಿಮೀಟರ್ ಸಂದು. ಉಂಡೆ ಸಲೀಸಾಗಿ ಒಳಗೆ ಉರುಳುತ್ತಿತ್ತು, ಸಲಾಕೆ ಹಾಕಿ ಒತ್ತಿದರೆ ಮುಗಿಯಿತು. ಆದರೆ ಮದ್ದು ಹೊತ್ತಿದಾಗ ಬಹಳಷ್ಟು ಜೋರು ಆ ಸಂದಿನಲ್ಲೇ ಸೋರಿಹೋಗುತ್ತಿತ್ತು, ಉಂಡೆ ಗೋಡೆಗೆ ಬಡಿಯುತ್ತ ಬಡಿಯುತ್ತ ಎತ್ತಲೋ ಹೊರಡುತ್ತಿತ್ತು. ನೂರು ಗಜ ದಾಟಿದರೆ ಗುರಿ ಅನ್ನುವುದು ಬರೀ ಆಸೆ.

ಗುರಿ ಬೇಕೆಂದರೆ ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆಯಬೇಕು, ಗುಂಡು ಆ ಗೀರನ್ನು ಕಚ್ಚಿಕೊಂಡು ತಿರುಗುತ್ತ ಹೊರಬರಬೇಕು. ಕಚ್ಚಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡನ್ನು ಬಾಯಿಯ ಕಡೆಯಿಂದ ಬುಡದವರೆಗೆ ಇಳಿಸುವುದು ಹೇಗೆ? ಬ್ರಿಟಿಷರ ಬೇಕರ್ ರೈಫಲ್ಲಿನವರು ಉಂಡೆಗೆ ಜಿಡ್ಡು ಸವರಿದ ತೊಗಲಿನ ಚೂರು ಸುತ್ತಿ, ಮೊದಮೊದಲಲ್ಲಿ ಮರದ ಸುತ್ತಿಗೆಯಿಂದ ಹೊಡೆದು ಇಳಿಸುತ್ತಿದ್ದರು. ಶತ್ರು ಅಷ್ಟು ಹೊತ್ತು ಕಾಯುತ್ತಾನೆಯೇ?

ಇಳಿಯುವಾಗ ಸಡಿಲ, ಹೊರಡುವಾಗ ಬಿಗಿ. ಈ ಒಗಟನ್ನು ಬಿಡಿಸುವ ದಾರಿ ನಮ್ಮ ದಕ್ಷಿಣ ಭಾರತದಿಂದಲೇ ಹೊಳೆಯಿತು ಅನ್ನುವ ಒಂದು ಮಾತಿದೆ. ನಾರ್ಟನ್ ಅನ್ನುವ ಬ್ರಿಟಿಷ್ ಕ್ಯಾಪ್ಟನ್ ಇಲ್ಲಿನ ಜನ ಊದುಗೊಳವೆಯಲ್ಲಿ ಬಾಣ ಹಾರಿಸುವುದನ್ನು ನೋಡಿದನಂತೆ. ಬಾಣದ ಬುಡದಲ್ಲಿ ತಾವರೆದಂಟಿನ ಮೆತ್ತನೆಯ ತಿರುಳು. ಊದಿದಾಗ ಅದು ಉಬ್ಬಿ ಕೊಳವೆಯನ್ನು ಮುಚ್ಚಿ, ಉಸಿರು ಸೋರದಂತೆ ತಡೆಯುತ್ತಿತ್ತು. 1830ರ ದಶಕದಲ್ಲಿ ಅವನು ಮದ್ದು ಹೊತ್ತಿದಾಗ ಬುಡ ಉಬ್ಬಿ ಗೀರನ್ನು ಕಚ್ಚುವಂತೆ, ಬುಡ ಟೊಳ್ಳಾದ ಗುಂಡು ಮಾಡಿ ತೋರಿಸಿದ, ಸರ್ಕಾರ ಒಪ್ಪಲಿಲ್ಲ. 1849ರಲ್ಲಿ ಫ್ರಾನ್ಸಿನ ಮಿನಿಯೆ ಅದೇ ಬಗೆಯದನ್ನು ಮಾಡಿದ, ಹೆಸರು ಅವನದಾಯಿತು. ಊದುಗೊಳವೆಯವರ ಹೆಸರು ಯಾರಿಗೆ ಬೇಕು, ಬಿಡು.

ಈಗ ಆ ಕೊಬ್ಬಿನ ಗಲಾಟೆಗೆ ಕಾರಣವಾದ ಹೊಸ ಬಂದೂಕು ಎನ್‌ಫೀಲ್ಡ್ ರೈಫಲ್ಲಿಗೆ ಬರೋಣ. 1853ರ ಮಾದರಿ. ನಳಿಗೆಯ ಒಳವ್ಯಾಸ 0.577 ಇಂಚು, ಒಳಗೆ ಮೂರು ಗೀರು. ಅದಕ್ಕೆ ಹಾಕುವ ಪ್ರಿಚೆಟ್ ಎಂಬ ಗುಂಡು 0.568 ಇಂಚು, ತೂಕ 530 ಗ್ರೇನ್, ಅಂದರೆ ಸುಮಾರು 34 ಗ್ರಾಂ. ವ್ಯತ್ಯಾಸ ಲೆಕ್ಕ ಹಾಕು: ಒಂದು ಇಂಚಿನ ಸಾವಿರದಲ್ಲಿ ಒಂಬತ್ತು ಪಾಲು. ಕಾಲು ಮಿಲಿಮೀಟರೂ ಇಲ್ಲ! ಆ ಸಂದಿನಲ್ಲಿ ಗುಂಡಿಗೆ ಸುತ್ತಿದ ಕಾಗದವೂ ಕೂರಬೇಕು. ಹೊಸ ನಳಿಗೆಯಲ್ಲಿ ಕೂರುತ್ತದೆ. ಆದರೆ ಕರಿಮದ್ದು ಉರಿದರೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಗಟ್ಟಿ ಕಸವಾಗಿ ಉಳಿಯುತ್ತದೆ. ಹೊಗೆಗೂಡಿನ ಕಿಟ್ಟದ ಹಾಗೆ ಗೋಡೆಗೆ ಕಚ್ಚುತ್ತದೆ, ಒಣಗಿದರೆ ಕಲ್ಲು. ಕೆಲವು ಈಡಿನಲ್ಲೇ ಆ ಸಂದು ಮಾಯ, ಸಲಾಕೆಯಿಂದ ಎಷ್ಟು ಒತ್ತಿದರೂ ಗುಂಡು ಅರ್ಧದಾರಿಯಲ್ಲೇ ಕೂತುಬಿಡುತ್ತದೆ.

ನಿನ್ನ ಹುಡುಗಿಗೆ ಉತ್ತರ ಇಲ್ಲಿದೆ. ಜಿಡ್ಡು ಇದ್ದರೆ ಆ ಕಿಟ್ಟ ಗಟ್ಟಿಯಾಗದೆ ಮೆತ್ತಗಿರುತ್ತದೆ, ಮುಂದಿನ ಗುಂಡು ಅದನ್ನು ಒರೆಸಿಕೊಂಡು ಇಳಿಯುತ್ತದೆ. ಸೀಸ ನಳಿಗೆಗೆ ಅಂಟುವುದೂ ಕಡಿಮೆ. ಜಿಡ್ಡಿಲ್ಲದಿದ್ದರೆ ಈ ಬಂದೂಕೇ ಇಲ್ಲ.

ಜಿಡ್ಡು ಯಾವುದು ಅನ್ನುವುದು ಬೇರೆ ಪ್ರಶ್ನೆ. ಆಗ ಹಾಕಿದ್ದರಲ್ಲಿ ಪ್ರಾಣಿಯ ಕೊಬ್ಬೇ ಹೆಚ್ಚು, ಮೇಣ ಕಡಿಮೆ. ಇಲ್ಲಿನ ಬಿಸಿಲಿಗೆ ಕೊಬ್ಬು ಕರಗಿ ಇಳಿದುಹೋಗುತ್ತದೆ. ಜೇನುಮೇಣ ಕರಗಲು 60 ಡಿಗ್ರಿ ಮೀರಬೇಕು. ಬರೀ ಕಸುಬಿನ ಕಣ್ಣಿನಿಂದ ನೋಡಿದರೂ ಈ ದೇಶಕ್ಕೆ ಜೇನುಮೇಣವೇ ಸರಿ. ನನಗೆ ಸಿಟ್ಟು ಬರುವುದು ಮುಂದಿನದಕ್ಕೆ. 1853ರಲ್ಲೇ ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿದ ಈ ತೋಟಾಗಳನ್ನು ಭಾರತಕ್ಕೆ ಕಳಿಸಿ, ಹವೆಗೆ ಜಿಡ್ಡು ತಡೆಯುತ್ತದೆಯೇ ಎಂದು ಪರೀಕ್ಷೆ ಮಾಡಿದ್ದರು. ಆ ವರ್ಷವೇ ಕರ್ನಲ್ ಟಕ್ಕರ್ ಅನ್ನುವ ಅಧಿಕಾರಿ, ಯಾವ ಕೊಬ್ಬು ಎಂದು ಖಾತ್ರಿಯಿಲ್ಲದೆ ಸಿಪಾಯಿಗಳ ಕೈಗೆ ಕೊಡಬೇಡಿ ಎಂದು ಬರೆದು ತಿಳಿಸಿದ್ದ. ಹವೆಯ ಪರೀಕ್ಷೆ ನಡೆಯಿತು, ಆ ಕಾಗದ ಕಡತದಲ್ಲಿ ಮಲಗಿತು.

ಇನ್ನೊಂದು ವಿಷಯ ಮಕ್ಕಳಿಗೆ ಹೇಳು. ತೋಟಾದಲ್ಲಿ ಹಲ್ಲಿನಿಂದ ಕಚ್ಚುತ್ತಿದ್ದದ್ದು ಮದ್ದಿನ ತುದಿಯನ್ನು, ಜಿಡ್ಡು ಇರುತ್ತಿದ್ದದ್ದು ಗುಂಡಿನ ತುದಿಗೆ. ಮದ್ದು ಸುರಿದು, ತೋಟಾ ತಿರುಗಿಸಿ, ಜಿಡ್ಡಿನ ಕಡೆಯನ್ನು ನಳಿಗೆಗೆ ತೂರಿಸಿ ಉಳಿದ ಕಾಗದ ಹರಿಯಬೇಕು. ಹಾಗಂತ ಸಿಪಾಯಿಯದು ಸುಮ್ಮನೆ ಅನುಮಾನ ಅನ್ನಬೇಡ. ಕೈಗೆ ಮೆತ್ತಿದ್ದು ಬಾಯಿಗೆ ಹೋಗದೆ ಇರುತ್ತದೆಯೇ? ಬರೀ ಮುಟ್ಟುವುದೇ ಸಾಕಾಗಿತ್ತು.

ಜನವರಿ 1857ರಲ್ಲಿ ಕಲ್ಕತ್ತೆ ಬಳಿಯ ದಮ್‌ದಮ್‌ನಿಂದ ಕೊಬ್ಬಿನ ಸುದ್ದಿ ಹಬ್ಬಿದ ಮೇಲೆ ನಿಮ್ಮ ಜಿಡ್ಡು ನೀವೇ ಹಾಕಿಕೊಳ್ಳಿ ಅಂದರು, ಆಮೇಲೆ ಕಚ್ಚುವುದು ಬೇಡ, ಬೆರಳಲ್ಲಿ ಹರಿಯಿರಿ ಅಂದರು. ಬದಲಾಯಿಸಿದ ಒಂದೊಂದು ಸಲವೂ ಮೊದಲಿನದರಲ್ಲಿ ಏನೋ ಇತ್ತು ಅಂತ ಒಪ್ಪಿಕೊಂಡಂತಾಯಿತು. ಮೀರತ್‌ನಲ್ಲಿ ಏಪ್ರಿಲ್ 24ರಂದು 90 ಸವಾರರಲ್ಲಿ 85 ಜನ ತೋಟಾ ಮುಟ್ಟಲಿಲ್ಲವಲ್ಲ, ಅವು ಹಳೆಯ ಬಗೆಯವೇ, ಎನ್‌ಫೀಲ್ಡಿನವಲ್ಲ. ನಂಬಿಕೆ ಅಷ್ಟರಮಟ್ಟಿಗೆ ಹೋಗಿತ್ತು.

ತಮಾಷೆ ಅಂದರೆ, ಕೆಲವೇ ವರ್ಷದಲ್ಲಿ ಅವರೇ ಗುಂಡನ್ನು 0.550 ಇಂಚಿಗೆ ಇಳಿಸಿ, ಜಿಡ್ಡಿನಲ್ಲಿ ಜೇನುಮೇಣ ಹೆಚ್ಚಿಸಿದರು. ಇದು ಸಿಪಾಯಿಯ ಮೇಲಿನ ದಯೆಯಲ್ಲ; ಕಿಟ್ಟ ಕಟ್ಟಿ ಗುಂಡು ಇಳಿಯದೆ ಅವರ ಸೈನ್ಯವೇ ಪರದಾಡಿತ್ತು. ಅಮೆರಿಕದಲ್ಲಿ ಬರ್ಟನ್ ಎಂಬಾತ ಗುಂಡಿನ ಮೈಗೇ ಸುತ್ತ ತೋಡು ಕೊರೆದು ಜಿಡ್ಡು ಅದರೊಳಗೆ ನಿಲ್ಲುವಂತೆ ಮಾಡಿದ. ಅಲ್ಲಿನ ಹವ್ಯಾಸಿಗಳು ಇವತ್ತಿಗೂ ಮನೆಯಲ್ಲಿ ಆ ಗುಂಡು ಎರಕ ಹೊಯ್ದುಕೊಳ್ಳುತ್ತಾರೆ. ಬೆರಕೆಯಿಲ್ಲದ ಮೆತ್ತನೆಯ ಸೀಸವೇ ಆಗಬೇಕು, ತವರ ಸೇರಿ ಗಡುಸಾದರೆ ಬುಡ ಉಬ್ಬುವುದಿಲ್ಲ. ತಮ್ಮ ನಳಿಗೆಯನ್ನು ಅಳೆದು, ಅದಕ್ಕಿಂತ ಇಂಚಿನ ಸಾವಿರದ ಒಂದೆರಡು ಪಾಲು ಕಡಿಮೆಯಾಗುವಂತೆ ಗುಂಡನ್ನು ಉಕ್ಕಿನ ಬಳೆಯಲ್ಲಿ ತೂರಿಸಿ, ಮೇಣ ತುಂಬುತ್ತಾರೆ. ಬೋರ್‌ಗೆ ತಕ್ಕ ಫಿಟ್ ಕೊಡುವುದು ನನಗೆ ಗೊತ್ತಿರುವ ಕೆಲಸವೇ ಆದ್ದರಿಂದ ಓದುವಾಗ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ದಂಗೆ ಅಡಗಿದ ಮೇಲೆ ಸಿಪಾಯಿಗೆ ಏನು ಕೊಟ್ಟರು ಗೊತ್ತೇ? ಹೊರಗಿನಿಂದ ನೋಡಲು ಎನ್‌ಫೀಲ್ಡೇ, ಆದರೆ ಗೀರುಗಳನ್ನೆಲ್ಲ ಕೊರೆದು ತೆಗೆದು ಒಳಗೆ ನುಣ್ಣಗೆ ಮಾಡಿದ 0.656 ಇಂಚಿನ ನಳಿಗೆ. ಗುರಿ ತಪ್ಪುವ ಬಂದೂಕನ್ನು ಬೇಕೆಂದೇ ಮಾಡಿ ಕೊಟ್ಟರು! ಊರ ಜನರ ಆಯುಧಕ್ಕೂ 1857ರಲ್ಲೇ ಕಾಯಿದೆ ಬಂತು. ನಮ್ಮ ಮುಧೋಳದ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲವೆಂದು ತಿರುಗಿಬಿದ್ದದ್ದು ಅದಕ್ಕೇ. ಎನ್‌ಫೀಲ್ಡ್ ಪಾಠವನ್ನೂ ಹಲಗಲಿಯ ಪಾಠವನ್ನೂ ನೀನು ಒಂದೇ ವಾರದಲ್ಲಿ ಮಾಡಿದರೆ ಚೆನ್ನ. ಗುಂಡಿನ ಚಿತ್ರ ಅಳತೆ ಸಮೇತ ಬರೆದು ಕಳಿಸುತ್ತೇನೆ, ಕಪ್ಪುಹಲಗೆಯ ಮೇಲೆ ಹತ್ತುಪಟ್ಟು ದೊಡ್ಡದಾಗಿ ಹಾಕು. ಇಲ್ಲದಿದ್ದರೆ ಆ ಸಂದು ಯಾರ ಕಣ್ಣಿಗೂ ಕಾಣುವುದಿಲ್ಲ.

ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ,
ನಾಗು