ಫೈಬರ್ ತೋರಿಸಿ ಟವರ್ ತಪ್ಪಿಸಬೇಡಿ, ಸಂಸದರೇ

ಮಾನ್ಯ ಸಂಸದರಿಗೆ,

ಚಿಂಚೋಳಿ ತಾಲೂಕಿನ ಕಾಡಂಚಿನ ಹಳ್ಳಿಯ ತೊಗರಿ ಬೆಳೆಗಾರನ ನಮಸ್ಕಾರ. ಎಂಟು ವರ್ಷ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಈಗ ನಾಲ್ಕು ಜನ ಓದಲಿ ಅಂತ ಬರೆಯುತ್ತಿದ್ದೇನೆ. ನಮ್ಮೂರಿಗೆ ಮೊಬೈಲ್ ಟವರೂ ಬೇಕು, ಇಂಟರ್ನೆಟ್ ತರುವ ಫೈಬರ್ ಕೇಬಲಿನ ವೈಫೈಯೂ ಬೇಕು.

ಕಳೆದ ತಿಂಗಳ ಮಾತು. ರೇಷನ್ ಅಂಗಡಿಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಎಂದೂ ಇರುವುದಿಲ್ಲ. ಅಂಗಡಿಯವರು ಥಂಬ್ ಮಷೀನು ಹಿಡಿದು ಊರ ಹೊರಗಿನ ಗುಡ್ಡ ಹತ್ತಿದರು, ಹಿಂದೆ ಊರೇ ಹತ್ತಿತು. ನಮ್ಮವ್ವನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಮಡಚಲು ಬರುವುದಿಲ್ಲ. ಬೈಕ್ ಹೋಗುವವರೆಗೆ ಬೈಕಿನಲ್ಲಿ, ಆಮೇಲೆ ಕಲ್ಲುಗಳ ನಡುವೆ ಕೈ ಹಿಡಿದು ನಡೆಸಿಕೊಂಡು ಹೋದೆ. ಎರಡು ತಾಸು ಬಿಸಿಲಲ್ಲಿ ಕೂತ ಮೇಲೆ ಅವಳ ಪಾಳಿ ಬಂತು. ಹೆಬ್ಬೆಟ್ಟು ಒತ್ತಿದಾಗೆಲ್ಲ ಸಿಗ್ನಲ್ಲಿನ ಒಂದು ಕಡ್ಡಿ ಬಂದು ಹೋಗುತ್ತಿತ್ತು. ಐದನೇ ಸಲಕ್ಕೆ ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ರಾಶಿ ಮಾಡಿ ಮಾಡಿ ನನ್ನ ಹೆಬ್ಬಟ್ಟ ಸವದದ ಏನಪಾ?" ಅಂದಳು. ತಪ್ಪು ತನ್ನದೇ ಅಂದುಕೊಂಡಿದ್ದಳು! ಬರಿಗೈಲಿ ಇಳಿಸಿಕೊಂಡು ಬಂದೆ. ಮರುದಿನ ಮತ್ತೆ ಹತ್ತಿಸಿದೆ. ರಾಶಿ ಕಾಲದಲ್ಲಿ ಎರಡು ದಿನದ ಕೆಲಸ ಹೋಯಿತು.

ಹೊಟ್ಟೆ ಉರಿಯುವುದು ಯಾಕೆ ಗೊತ್ತೇ? ಆ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಪಂಚಾಯಿತಿ ಕಚೇರಿ. ಪಂಚಾಯಿತಿಗಳಿಗೆ ಇಂಟರ್ನೆಟ್ ಮುಟ್ಟಿಸುವ ಕೇಂದ್ರದ ಭಾರತ್‌ನೆಟ್ ಯೋಜನೆಯ ಫೈಬರ್ ಅಲ್ಲಿಗೆ ಬಂದು ನಿಂತಿದೆ. ಫೈಬರ್ ಜೋಡಿಸಿದ ಡಬ್ಬಿಯ ಬ್ಯಾಟರಿ ಕೆಟ್ಟಿದೆ, ಕರೆಂಟ್ ಹೋದರೆ ಅದರ ದೀಪವೂ ಆರುತ್ತದೆ. ಕೇಂದ್ರ ಈ ಯೋಜನೆಗೆ 2011ರಲ್ಲೇ ಒಪ್ಪಿಗೆ ಕೊಟ್ಟಿದ್ದು.

ಟವರ್ ಕೇಳಿದರೆ ಅಧಿಕಾರಿಗಳು "ನಿಮ್ಮಲ್ಲಿ ಫೈಬರ್ ಬಂದದಲ್ಲ" ಅನ್ನುತ್ತಾರೆ. ಫೈಬರ್ ಸರಿ ಮಾಡಿಸಿ ಅಂದರೆ "4ಜಿ ಬರ್ತದ, ವೈಫೈ ಯಾಕ" ಅನ್ನುತ್ತಾರೆ. ಇವೆರಡೇನು ಸವತಿಯರೇ, ಸಾಹೇಬರೇ? ವೈಫೈ ಅಂಗಡಿ, ಶಾಲೆ, ಮನೆಯೊಳಗೆ ಕೆಲಸ ಮಾಡುತ್ತದೆ. ಹೊಲದಲ್ಲಿ ಹಾವು ಕಚ್ಚಿದವನಿಗೆ ಟವರೇ ಬೇಕು. ಆ ಟವರಿಗೆ ಇದೇ ಫೈಬರ್ ಜೋಡಿಸಿದರೆ ವೇಗವೂ ಬರುತ್ತದೆ. ಟವರ್ ಸಿಗದ ಕಡೆ ವೈಫೈ ಇದ್ದರೆ ಈಗಿನ ಎಷ್ಟೋ ಫೋನುಗಳಲ್ಲಿ ಅದರ ಮೇಲೇ ಕರೆ ಹೋಗುತ್ತದೆ. ನಿಜವಾಗಿ ಪೈಪೋಟಿಗೆ ಬಿದ್ದದ್ದು ವೈಮ್ಯಾಕ್ಸ್ ಮತ್ತು ಎಲ್‌ಟಿಇ, ಎರಡೂ ಟವರಿನಿಂದ ಇಂಟರ್ನೆಟ್ ಕೊಡುವ ತಂತ್ರಜ್ಞಾನಗಳು; ಈಗಿನ 4ಜಿ ಅಂದರೆ ಎಲ್‌ಟಿಇಯೇ. 2010ರಲ್ಲಿ ಹರಾಜಾದ 2300 ಮೆಗಾಹರ್ಟ್ಸ್ ತರಂಗಾಂತರದ ಮೇಲೆ ಎರಡರಲ್ಲಿ ಯಾವುದನ್ನಾದರೂ ನಡೆಸಬಹುದಿತ್ತು. ಎರಡರ ಕೆಲಸವೂ ಒಂದೇ ಆಗಿದ್ದರಿಂದ ವೈಮ್ಯಾಕ್ಸ್ ಸೋತು ಹೋಯಿತು. ವೈಫೈ, 4ಜಿಗಳ ಕೆಲಸ ಬೇರೆ ಬೇರೆ.

2022ರ ಜುಲೈನಲ್ಲಿ ಕೇಂದ್ರ ಸಂಪುಟ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡಲು ಒಪ್ಪಿತು. 2020ರ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯವನೂ ಲೈಸೆನ್ಸ್ ಇಲ್ಲದೆ ವೈಫೈ ಕೊಡಬಹುದು. ಇವೆಲ್ಲ ತಮಗೆ ನಾನು ಹೇಳಬೇಕಾಗಿಲ್ಲ. ಸರ್ಕಾರವೇ ಎರಡಕ್ಕೂ ಯೋಜನೆ ಮಾಡಿರುವಾಗ ನಮಗೆ ಮಾತ್ರ ಯಾವುದಾದರೂ ಒಂದು ಸಾಕು ಅನ್ನುವವರು ಯಾರು?

ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ನಡೆದಿವೆ ಅಂತ ನೋಡುವ ದಿಶಾ ಸಭೆಯಲ್ಲಿ ತಾವು ಕೂರುತ್ತೀರಿ, ಅಲ್ಲಿ ಕೇಳಿ. ನಮಗೆ ಟವರೂ ಬೇಕು, ವೈಫೈಯೂ ಬೇಕು. ಮುಂದಿನ ರೇಷನ್ ಬರುವುದರೊಳಗೆ ಪಂಚಾಯಿತಿಯ ಡಬ್ಬಿಗೆ ಬ್ಯಾಟರಿ ಹಾಕಿಸಿ, ಅಲ್ಲಿಂದ ರೇಷನ್ ಅಂಗಡಿಗೆ ಒಂದು ವೈರ್ ಎಳೆಸಿ. ಟವರ್ ಯಾವ ತಿಂಗಳು ಅಂತ ಬರೆದು ತಿಳಿಸಿ. ಮೂರನೇ ಸಲ ಅವ್ವನನ್ನು ಆ ಗುಡ್ಡ ಹತ್ತಿಸಲು ನನ್ನಿಂದಾಗದು.

ತಮ್ಮ ಮತದಾರ,
ಚಿಂಚೋಳಿ ತಾಲೂಕು, ಕಲಬುರಗಿ ಜಿಲ್ಲೆ