ಭುಜ ಬಿಗಿಯಾಗಿದೆಯಾ? ಮಸಾಜ್ ಕುರ್ಚಿ ಬಗ್ಗೆ ಎರಡು ಮಾತು

ಎಲ್ಲರಿಗೂ ನಮಸ್ಕಾರ. ಮೊನ್ನೆ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದಾಗ ಮೂರ್ನಾಲ್ಕು ಜನ ನಮ್ಮ ಮನೆಯ ಮಸಾಜ್ ಕುರ್ಚಿ ಬಗ್ಗೆ ಕೇಳಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಒತ್ತಡ ಮನಸ್ಸಿಗೆ ತಿಳಿಯುವ ಮೊದಲೇ ಎಷ್ಟೋ ಸಲ ಮೈಗೆ ತಿಳಿದಿರುತ್ತದೆ. ಇದನ್ನು ಓದುತ್ತಿರುವಾಗಲೇ ನೋಡಿಕೊಳ್ಳಿ. ಹಲ್ಲು ಕಚ್ಚಿಕೊಂಡಿದ್ದೀರಾ? ಭುಜ ಮೇಲಕ್ಕೆ ಏರಿದೆಯಾ? ಬೆಳಗ್ಗಿನ ರೈಲಿನಲ್ಲಿ ನಿಂತುಕೊಂಡೇ ಮಂಗಳೂರಿಗೆ ಹೋಗಿ ಬರುವವರಿಗೆ, ದಿನವಿಡೀ ಕೂತು ಅಡಿಕೆ ಸುಲಿಯುವವರಿಗೆ ಈ ಬಿಗಿತ ಚೆನ್ನಾಗಿ ಗೊತ್ತು, ಅಲ್ವಾ? ಸಣ್ಣ ಮಾತಿಗೂ ಸಿಟ್ಟು ಬರುವುದು, ನಡುರಾತ್ರಿ ಎಚ್ಚರವಾಗುವುದು ಕೂಡ ಒತ್ತಡದ ಗುರುತು ಇರಬಹುದು.

ಕುರ್ಚಿಯೊಳಗಿನ ರೋಲರ್‌ಗಳು ಬೆನ್ನಿನ ಉದ್ದಕ್ಕೂ ಒತ್ತುತ್ತವೆ. ಗಾಳಿಚೀಲಗಳು ಕಾಲನ್ನು ಅದುಮಿ ಬಿಡುತ್ತವೆ. ಬಿಗಿದ ಮೈ ನಿಧಾನಕ್ಕೆ ಸಡಿಲವಾಗುತ್ತದೆ. 15-20 ನಿಮಿಷ ಸಾಕು, ಜಾಸ್ತಿ ಬೇಡ. ಮೊದಲ ಸಲ ಮೆಲ್ಲಗೆ ಒತ್ತುವ ಹಾಗೆ ಇಟ್ಟುಕೊಳ್ಳಿ. ಊಟವಾದ ಕೂಡಲೇ ಕೂರಬೇಡಿ. ಫೋನ್ ಬೇರೆ ಕೋಣೆಯಲ್ಲಿರಲಿ.

ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಮೂಳೆ ಸವೆದ ಹಿರಿಯರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ಈಚೆಗೆ ಆಪರೇಷನ್ ಆದವರು ದಯವಿಟ್ಟು ಡಾಕ್ಟರನ್ನು ಕೇಳದೆ ಕೂರಬೇಡಿ. ಎದೆನೋವು ಬಂದರೆ ಕುರ್ಚಿ ಅಲ್ಲ, ನೇರ ಆಸ್ಪತ್ರೆ. ಇನ್ನೊಂದು, ನಮ್ಮೂರಿನ ಸಿಡಿಲು ಗೊತ್ತಲ್ಲ, ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆದಿಡಿ.

ತುಂಬಾ ದುಡ್ಡಿನ ವಸ್ತು ಇದು. ಕೂತು ನೋಡದೆ ತಗೊಳ್ಳಬೇಡಿ. ಭಾನುವಾರ ಸಂಜೆ ನಮ್ಮ ಮನೆಗೆ ಬನ್ನಿ, ಅಮ್ಮಂದಿರನ್ನೂ ಕರೆದುಕೊಂಡು ಬನ್ನಿ.