ಪುಟ್ಟಿ, ಪೋರ್ಟ್‌ಲ್ಯಾಂಡಿಗೆ ಬರೋ ಮುಂಚೆ ಇದನ್ನ ಓದು

ಪ್ರೀತಿಯ ಪುಟ್ಟಿ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಉಜಿರೆಲಿ ಬಿಎನ್‌ವೈಎಸ್, ಅಂದ್ರೆ ನ್ಯಾಚುರೋಪಥಿ ಮತ್ತು ಯೋಗದ ಡಿಗ್ರಿ, ಮುಗೀತು, ಇಂಟರ್ನ್‌ಶಿಪ್ಪೂ ಮುಗೀತಾ ಬಂತು, ಈಗ ಇಲ್ಲಿ ಅಮೆರಿಕಾಕ್ಕೆ ಬಂದು ನ್ಯಾಚುರೋಪಥಿ ಡಾಕ್ಟರೇಟೂ ಕ್ಲಾಸಿಕಲ್ ಚೈನೀಸ್ ಮೆಡಿಸಿನ್ನೂ ಎರಡೂ ಒಟ್ಟಿಗೆ ಓದ್ಬೇಕು ಅಂತಿದ್ದೀಯ. ನಿಮ್ಮಮ್ಮ ನಿನ್ನೆ ಫೋನ್ ಮಾಡಿ "ಅಕ್ಕ, ನೀನು ಫಾರ್ಮಸಿಸ್ಟು, ನೀನು ಬೇಡ ಅಂದ್ರೆ ಕೇಳ್ತಾಳೆ" ಅಂದ್ಲು. ನಾನು ಬೇಡ ಅನ್ನಲ್ಲ ಕಣೇ. ಆದ್ರೆ ಹೂಂ ಅನ್ನೋಕೆ ಮುಂಚೆ ನಿನಗೊಂದು ವಿಷಯ ಹೇಳ್ಬೇಕು, ಮನೇಲಿ ಯಾರಿಗೂ ಪೂರ್ತಿ ಹೇಳಿಲ್ಲ ನಾನು ಇದನ್ನ.

ಅಜ್ಜಿ ನಮ್ಮನೇಲಿ ಆರು ತಿಂಗಳು ಇದ್ರಲ್ಲ, ನೀನಾಗ ಹೈಸ್ಕೂಲು. ಹಾರ್ಟ್ ವಾಲ್ವ್ ಹಾಕಿಸಿದ್ಮೇಲೆ ದಿನಾ ವಾರ್ಫರಿನ್ ತಗೋತಿದ್ರು, ರಕ್ತ ಹೆಪ್ಪುಗಟ್ಟಬಾರದು ಅಂತ. ಅದಕ್ಕೆ ಐಎನ್‌ಆರ್ ಅಂತ ಟೆಸ್ಟು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತೆ ಅಂತ ನೋಡೋದು, ಅವರಿಗೆ 2.5ರಿಂದ 3.5ರೊಳಗೆ ಇರ್ಬೇಕಿತ್ತು, ನಾನೇ ಕ್ಯಾಲೆಂಡರ್ ಮೇಲೆ ಬರೆದಿಡ್ತಿದ್ದೆ. ಮಂಡಿನೋವು ಜಾಸ್ತಿ ಅಂತ ಒಂದು ಟೀಚಿಂಗ್ ಕ್ಲಿನಿಕ್ಕಿಗೆ ಅಕ್ಯುಪಂಕ್ಚರ್‌ಗೆ ಕರ್ಕೊಂಡು ಹೋದೆ, ಅಲ್ಲಿ ಸ್ಟೂಡೆಂಟ್ಸ್ ನೋಡ್ತಾರೆ, ಹಿಂದೆ ಸೂಪರ್‌ವೈಸರ್ ಇರ್ತಾರೆ. ನಿನ್ನ ವಯಸ್ಸಿನ ಒಂದು ಹುಡುಗಿ ಬಂದ್ಲು. ಅಜ್ಜಿ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಕಣ್ಮುಚ್ಚಿ ಸುಮಾರು ಹೊತ್ತು ಕೂತ್ಲು, ಅಜ್ಜಿಗೆ ಖುಷಿ, "ನಮ್ಮ ಪಂಡಿತರ ಥರಾನೇ ನಾಡಿ ಹಿಡೀತಾಳೆ ನೋಡು" ಅಂತ ನನ್ನ ಕಿವಿಲಿ ಹೇಳಿದ್ರು. ಆಮೇಲೆ ಔಷಧಿ ಏನೇನು ಅಂತ ಕೇಳಿದ್ಲು. ನಾನು ನೀಟಾಗಿ ಟೈಪ್ ಮಾಡಿದ್ದ ಲಿಸ್ಟ್ ಕೊಟ್ಟೆ. ಅವಳು ಓದಿ ಪಕ್ಕಕ್ಕಿಟ್ಟು, ಲಿಸ್ಟ್ ಸಾಕಾಗಲ್ಲ, ಬಾಯಿಗೆ ಹೋಗೋದೆಲ್ಲ ನನ್ನ ಕಣ್ಣಲ್ಲಿ ನೋಡ್ಬೇಕು, ಚೀಲದಲ್ಲಿ ಇರೋದೆಲ್ಲ ಟೇಬಲ್ ಮೇಲಿಡಿ ಅಂದ್ಲು.

ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದ್ರು. ಸುಣ್ಣದ ಡಬ್ಬಿ ಪಕ್ಕದಲ್ಲೇ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ, ಚೈನೀಸ್ ಅಕ್ಷರ. ಯಾರೋ ಪರಿಚಯದವರು ಮಂಡಿಗೆ ಒಳ್ಳೇದು, ನ್ಯಾಚುರಲ್ಲು, ಏನೂ ಆಗಲ್ಲ ಅಂತ ತಂದುಕೊಟ್ಟಿದ್ರಂತೆ. ಆ ಹುಡುಗಿ ಅಕ್ಷರದ ಮೇಲೆ ಬೆರಳಿಟ್ಟು ಓದಿದ್ಲು, ಡಾನ್‌ಶೆನ್, ಅದೊಂದು ಚೈನೀಸ್ ಔಷಧಿ ಬೇರು. ತಕ್ಷಣ ನನ್ನ ಕಡೆ ತಿರುಗಿ ವಸಡಲ್ಲಿ ರಕ್ತ ಬರುತ್ತಾ ಕೇಳಿ ಅಂದ್ಲು. ಅಜ್ಜಿ ಏನಂದ್ರು ಗೊತ್ತಾ, "ಹತ್ತು ದಿನದಿಂದ ಬಾಯಿ ಮುಕ್ಕಳಿಸಿದ್ರೆ ನೀರು ಕೆಂಪಗೆ ಹೋಗುತ್ತೆ, ಎಲೆಅಡಿಕೆ ಬಣ್ಣ ಅಂದ್ಕೊಂಡಿದ್ದೆ." ಡಾನ್‌ಶೆನ್ನೂ ವಾರ್ಫರಿನ್ನೂ ಸೇರಿದ್ರೆ ರಕ್ತಸ್ರಾವ ಆಗುತ್ತೆ ಅಂತ ನಾನು ಕಾಲೇಜಲ್ಲೇ ಓದಿದ್ದೆ, ಆಸ್ಪತ್ರೆಲಿ ಬೇರೆಯವರಿಗೆಲ್ಲ ಹೇಳ್ತಿದ್ದೆ, ನಮ್ಮಮ್ಮನ ಚೀಲ ಮಾತ್ರ ಒಂದಿನಾನೂ ಬಿಚ್ಚಿ ನೋಡಿರ್ಲಿಲ್ಲ. ಅವತ್ತು ಒಂದು ಸೂಜಿನೂ ಚುಚ್ಚಲಿಲ್ಲ, ಸೂಪರ್‌ವೈಸರ್ ಬಂದು ಸೀದಾ ಎಮರ್ಜೆನ್ಸಿಗೆ ಕಳಿಸಿದ್ರು. ಐಎನ್‌ಆರ್ 7 ದಾಟಿತ್ತು.

ಅದಕ್ಕೇ ನಾನು ಬೇಡ ಅನ್ನಲ್ಲ. ಆ ಹುಡುಗಿ ಥರ ಆಗೋದಾದ್ರೆ ಬಾ, ಬಂದು ಓದು.

ನೀನು ಕ್ಲಾಸಿಕಲ್ ಅಂತ ಯಾಕೆ ಆರಿಸ್ಕೊಂಡೆ ಅಂತ ಅಪ್ಲಿಕೇಶನ್ನಲ್ಲಿ ಬರೀಬೇಕಲ್ಲ, ಅದನ್ನ ನಿಜವಾಗ್ಲೂ ಯೋಚನೆ ಮಾಡು. ಈಗ ಎಲ್ಲಾ ಕಡೆ ಟಿಸಿಎಂ, ಅಂದ್ರೆ ಟ್ರೆಡಿಷನಲ್ ಚೈನೀಸ್ ಮೆಡಿಸಿನ್, ಅಂತ ಕಲಿಸೋದು 1950ರ ದಶಕದಲ್ಲಿ ಚೀನಾ ಸರ್ಕಾರ ಕಾಲೇಜು ಸಿಲಬಸ್ಸಿಗೆ ಅಂತ ಒಪ್ಪ ಮಾಡಿ ಜೋಡಿಸಿದ್ದು. ಕ್ಲಾಸಿಕಲ್ ಅನ್ನೋರು ಅದಕ್ಕಿಂತ ಹಿಂದಕ್ಕೆ, ಹಳೇ ಗ್ರಂಥಗಳಿಗೇ ಹೋಗ್ತಾರೆ. ಅದರಲ್ಲಿ ಮುಖ್ಯವಾದದ್ದು ಶಾಂಗ್ ಹಾನ್ ಲುನ್, ಝಾಂಗ್ ಝೊಂಗ್‌ಜಿಂಗ್ ಅನ್ನೋ ವೈದ್ಯ ಸುಮಾರು 1800 ವರ್ಷದ ಹಿಂದೆ ಬರೆದದ್ದು. ಅಜ್ಜಿ ವಿಷಯ ಆದ್ಮೇಲೆ ನಾನು ಅದರ ಇಂಗ್ಲಿಷ್ ಅನುವಾದ ತರಿಸಿ ಓದಿದೆ. ಮುನ್ನುಡಿಲೇ ಹೇಳ್ತಾನೆ, ಅವನ ಮನೆತನದಲ್ಲಿ 200ಕ್ಕೂ ಹೆಚ್ಚು ಜನ ಇದ್ರಂತೆ, ಹತ್ತು ವರ್ಷದೊಳಗೆ ಮೂರರಲ್ಲಿ ಎರಡು ಪಾಲು ಹೋಗ್ಬಿಟ್ರಂತೆ, ಹೆಚ್ಚಿನವರು ಜ್ವರದಲ್ಲೇ. ಆ ಸಂಕಟದಲ್ಲಿ ಕೂತು ಬರೆದ ಪುಸ್ತಕ ಅದು. ಅಲ್ಲೇ ಆ ಕಾಲದ ವೈದ್ಯರನ್ನ ಬೈತಾನೆ, ನಾಡಿ ಒಂದು ಕಡೆ ಮುಟ್ಟಿ ಇನ್ನೊಂದು ಕಡೆ ಮುಟ್ಟಲ್ಲ, ಕೈ ಹಿಡೀತಾರೆ ಕಾಲು ಮುಟ್ಟಿ ನೋಡಲ್ಲ ಅಂತ. ಅದನ್ನ ಓದ್ದಾಗ ನನಗೆ ಟೇಬಲ್ ಮೇಲೆ ಸುರಿದ ಆ ಎಲೆಅಡಿಕೆ ಚೀಲಾನೇ ಕಣ್ಮುಂದೆ ಬಂತು.

ಇನ್ನೊಂದು ವಿಷಯ ನನಗೆ ಮನಸ್ಸಿಗೆ ತಟ್ಟಿದ್ದು. ಆ ಗ್ರಂಥದಲ್ಲಿ ಎಷ್ಟೋ ಸಾಲು ಶುರುವಾಗೋದೇ ವೈದ್ಯ ತಪ್ಪು ಮಾಡಿದ್ಮೇಲೆ ಏನು ಅನ್ನೋದ್ರಿಂದ. ಭೇದಿ ಮಾಡಿಸೋ ಔಷಧಿ ಕೊಡಬಾರದಾಗಿತ್ತು ಕೊಟ್ಟಾಗಿದೆ, ಬೆವರಿಸಬಾರದಾಗಿತ್ತು ಬೆವರಿಸಿ ಆಗಿದೆ, ಈಗ ರೋಗಿ ಹೀಗಿದಾನೆ, ಮುಂದೇನು ಅಂತ. ಕೆಲವು ಕಡೆ ಈ ಲಕ್ಷಣ ಬಂದ್ರೆ ಸಾವು ಅಂತ ನೇರವಾಗಿ ಬರೆದುಬಿಟ್ಟಿದ್ದಾನೆ. ತನ್ನ ಔಷಧಿ ಎಲ್ಲಿಗೆ ನಿಲ್ಲುತ್ತೆ ಅಂತ ಅಷ್ಟು ಹಿಂದೇನೇ ಬರೆದಿಟ್ಟ ಮನುಷ್ಯ ಅವನು. ಈಗ ಅವನ ಹೆಸರು ಹೇಳ್ಕೊಂಡು ಕ್ಯಾನ್ಸರಿಗೂ ಇದೇ ಸಾಕು ಅನ್ನೋರು ಸಿಗ್ತಾರೆ ನಿನಗೆ, ಕ್ಲಾಸಲ್ಲೂ ಸಿಗಬಹುದು, ಅವರ ಜೊತೆ ಸೇರಬೇಡ.

ಗ್ವೇ ಝೀ ಟಾಂಗ್ ಅಂತ ಮೊದಲ ಕಷಾಯ ಬರುತ್ತೆ, ಅದನ್ನ ನೋಡಿದ್ರೆ ನಿನಗೆ ಅಜ್ಜಿ ಅಡುಗೆಮನೆ ನೆನಪಾಗುತ್ತೆ. ದಾಲ್ಚಿನ್ನಿ ಕಡ್ಡಿ, ಪಿಯೋನಿ ಅನ್ನೋ ಹೂಗಿಡದ ಬೇರು, ಹಸಿ ಶುಂಠಿ, ಜೇಷ್ಠಮಧು, ಬೋರೆ ಜಾತಿಯ 12 ಹಣ್ಣು, ಅಷ್ಟೇ. ಏಳು ಅಳತೆ ನೀರನ್ನ ಸಣ್ಣ ಉರಿಲಿ ಮೂರಕ್ಕೆ ಇಳಿಸಿ, ಒಂದು ಅಳತೆ ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಬಿಸಿ ಗಂಜಿ ಕೊಟ್ಟು ಹೊದಿಸಿ ಮಲಗಿಸ್ಬೇಕು, ಮೈ ಸಣ್ಣಗೆ ಬೆವರ್ಬೇಕು, ನೀರು ಹರಿಯೋ ಹಾಗೆ ಬೆವರಬಾರದು. ಗಂಜಿನೂ ಕಂಬಳಿನೂ ಪ್ರಿಸ್ಕ್ರಿಪ್ಶನ್ ಒಳಗೇ ಇದೆ ನೋಡು! ಇಲ್ಲಿ ಕ್ಯಾಪ್ಸೂಲ್ ಮಾಡಿ ಮಾರ್ತಾರಲ್ಲ, ಅದರಲ್ಲಿ ಗಂಜಿ ಎಲ್ಲಿರುತ್ತೆ.

ನ್ಯಾಚುರೋಪಥಿ ಕಡೆದು ನಿನಗೆ ಅರ್ಧ ಗೊತ್ತಿರೋದೇ. ನೀನು ಉಜಿರೆಲಿ ಕಲಿತ ಕೂನೆ ಕಟಿಸ್ನಾನ, ನೈಪ್ ನೀರಿನ ಚಿಕಿತ್ಸೆ ಎಲ್ಲ ಜರ್ಮನಿಯಿಂದ ಬಂದದ್ದು, ಒಂದು ದಾರಿ ಗಾಂಧೀಜಿ ಕೈಗೆ ಸಿಕ್ಕಿ ನಮ್ಮ ದೇಶಕ್ಕೆ ಬಂತು, ಇನ್ನೊಂದು ದಾರಿ ಬೆನೆಡಿಕ್ಟ್ ಲಸ್ಟ್ ಅನ್ನೋ ಜರ್ಮನಿಯವನ ಮೂಲಕ ಅಮೆರಿಕಾಕ್ಕೆ ಬಂತು. ಇಲ್ಲಿ ಎದೆ ಮೇಲೆ ಬಿಸಿ ಟವೆಲ್ ಹಾಕಿ ಆಮೇಲೆ ತಣ್ಣನೆ ಟವೆಲ್ ಹಾಕಿ ಉಣ್ಣೆ ಕಂಬಳಿ ಹೊದಿಸ್ತಾರೆ, ನಿನ್ನ ಕೈಗೆ ಅದು ಹೊಸದಲ್ಲ. ಹೊಸದು ಏನಂದ್ರೆ ಫಾರ್ಮಕಾಲಜಿ, ಮೈನರ್ ಸರ್ಜರಿ, ಲ್ಯಾಬ್ ರಿಪೋರ್ಟ್ ಓದೋದು, ಯಾಕಂದ್ರೆ ಪೋರ್ಟ್‌ಲ್ಯಾಂಡ್ ಇರೋ ಈ ಆರೆಗಾನ್ ರಾಜ್ಯದಲ್ಲಿ ಎನ್‌ಡಿ, ಅಂದ್ರೆ ನ್ಯಾಚುರೋಪಥಿ ಡಾಕ್ಟರು, ಅಲೋಪಥಿ ಮಾತ್ರೆನೂ ಬರೆದುಕೊಡಬಹುದು. ಫಾರ್ಮಕಾಲಜಿ ಕ್ಲಾಸನ್ನ ಪಾಸಾದ್ರೆ ಸಾಕು ಅಂತ ಓದಬೇಡ. ನಾನು ನಿನ್ನ ಜೊತೆ ಕೂತು ಓದಿಸ್ತೀನಿ ಬೇಕಾದ್ರೆ, ಪ್ರತಿ ಭಾನುವಾರ.

ಗಿಡಮೂಲಿಕೆ ಪಾಠನೂ ಅಷ್ಟೇ, ಯಾವ ಗಿಡ ಅನ್ನೋದು ಖಾತ್ರಿ ಇಲ್ಲದೆ ಏನೂ ಕೊಡಬೇಡ. 1990ರ ದಶಕದ ಶುರುವಿನಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸೋ ಕ್ಲಿನಿಕ್ಕಲ್ಲಿ ಫಾಂಗ್ ಜಿ ಅನ್ನೋ ಬೇರಿನ ಬದಲು ಹೆಸರಲ್ಲಿ ಒಂದೇ ಥರ ಇರೋ ಗ್ವಾಂಗ್ ಫಾಂಗ್ ಜಿ ಸೇರಿಹೋಯ್ತು, ಅದರಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇತ್ತು, ನೂರಕ್ಕಿಂತ ಹೆಚ್ಚು ಹೆಣ್ಣುಮಕ್ಕಳ ಕಿಡ್ನಿ ಹೋಯ್ತು, ಎಷ್ಟೋ ಜನಕ್ಕೆ ಆಮೇಲೆ ಕ್ಯಾನ್ಸರ್ ಬಂತು. ಅದೇ ಆಸಿಡ್ ನಮ್ಮೂರ ಈಶ್ವರಿ ಬಳ್ಳಿಲೂ ಇದೆ, ಹಾವಿನ ವಿಷಕ್ಕೆ ಅಂತ ಬೇಲಿ ಮೇಲೆ ಹಬ್ಬಿಸಿರ್ತಾರಲ್ಲ ಅದೇ. ಮನೇಲಿ ಯಾರಾದ್ರೂ ಅದರ ಬೇರು ತೇದು ಕುಡೀತಿದ್ರೆ ಮೊದಲು ನಿಲ್ಲಿಸು, ಇವತ್ತೇ.

ಈಗ ದುಡ್ಡಿನ ಮಾತು, ಇದು ನಿಮ್ಮಪ್ಪನೂ ಓದ್ಲಿ. ನಿನ್ನ ಬಿಎನ್‌ವೈಎಸ್‌ಗೆ ಇಲ್ಲಿ ಲೈಸೆನ್ಸ್ ಕೊಡಲ್ಲ, ನಾಲ್ಕು ವರ್ಷದ ಎನ್‌ಡಿ ಇಲ್ಲೇ ಮಾಡ್ಬೇಕು, ಕನಿಷ್ಠ 4,100 ಗಂಟೆ, ಅದರಲ್ಲಿ 1,200 ಗಂಟೆ ಕ್ಲಿನಿಕ್ಕು. ಚೈನೀಸ್ ಮೆಡಿಸಿನ್ ಸೇರಿಸಿದ್ರೆ ಇನ್ನೂ ಉದ್ದ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾದವರಿಗೆ ಇಲ್ಲಿನ ಸರ್ಕಾರದ ಸಾಲ ಸಿಗಲ್ಲ, ಮುಗಿದ್ಮೇಲೆ ಕೆಲಸಕ್ಕೆ ಅಂತ ಸಿಗೋದು ಓಪಿಟಿ ಅನ್ನೋ ಒಂದು ವರ್ಷದ ತಾತ್ಕಾಲಿಕ ಅನುಮತಿ. ಸುಮಾರು ಅರ್ಧ ರಾಜ್ಯಗಳಲ್ಲಷ್ಟೇ ಎನ್‌ಡಿ ಲೈಸೆನ್ಸ್ ಇದೆ, ಆರೆಗಾನ್‌ನಲ್ಲಿ 1927ರಿಂದ ಇದೆ, ಆದ್ರೆ ಡಲ್ಲಾಸಲ್ಲಿ ನಿಮ್ಮ ಚಿಕ್ಕಪ್ಪ ಇದಾರೆ ಅಂತ ಅಲ್ಲಿಗೆ ಹೋಗಿ ಬೋರ್ಡ್ ಹಾಕೋಕಾಗಲ್ಲ, ಟೆಕ್ಸಸ್‌ನಲ್ಲಿ ಇಲ್ಲ. ಅಕ್ಯುಪಂಕ್ಚರ್ ಲೈಸೆನ್ಸ್ ಹೆಚ್ಚುಕಮ್ಮಿ ಎಲ್ಲಾ ಕಡೆ ಸಿಗುತ್ತೆ. ವಾಪಸ್ ಊರಿಗೆ ಹೋಗೋದಾದ್ರೆ, ಭಾರತ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನ ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿದೆ, ಆದ್ರೆ ಎನ್‌ಡಿ ತಂದು ಎಂಬಿಬಿಎಸ್ ಥರ ತೋರಿಸೋಕಾಗಲ್ಲ. ಇಲ್ಲಿ ಇತ್ತೀಚೆಗೆ ಒಂದೆರಡು ಅಕ್ಯುಪಂಕ್ಚರ್ ಕಾಲೇಜು ಬಾಗಿಲು ಹಾಕಿವೆ, ಅದಕ್ಕೇ ಸೇರೋ ಕಾಲೇಜಿನ ಮಾನ್ಯತೆ ಏನು, ದುಡ್ಡಿನ ಸ್ಥಿತಿ ಏನು, ಅಲ್ಲಿ ಓದಿದೋರು ಐದು ವರ್ಷದ ಮೇಲೆ ಎಲ್ಲಿದಾರೆ ಅಂತ ಕೇಳು. ನಾಚಿಕೆ ಪಟ್ಕೋಬೇಡ, ಫೀಸ್ ಕೊಡೋಳು ನೀನು.

ಅಡಿಕೆ ತೋಟ ಅಡ ಇಡೋ ಪೇಪರಿಗೆ ನಿಮ್ಮಪ್ಪ ಈಗಲೇ ಸೈನ್ ಹಾಕೋದು ಬೇಡ. ಮೊದಲು ವಿಸಿಟರ್ ವೀಸಾದಲ್ಲಿ ಒಂದು ತಿಂಗಳು ಬಂದು ನಮ್ಮನೇಲಿರು, ಟಿಕೆಟ್ ನನ್ನದು. ಇಲ್ಲಿಂದ ಪೋರ್ಟ್‌ಲ್ಯಾಂಡಿಗೆ ಮ್ಯಾಕ್ಸ್ ಟ್ರೇನ್ ಇದೆ. ಕ್ಲಾಸಲ್ಲಿ ಕೂರೋಕೆ ಬಿಡ್ತಾರಾ ಕೇಳೋಣ, ಟೀಚಿಂಗ್ ಕ್ಲಿನಿಕ್ಕಿಗೆ ಪೇಶೆಂಟ್ ಆಗಿ ಹೋಗು, ಅವರು ನಿನ್ನ ಎಷ್ಟು ಹೊತ್ತು ಮುಟ್ಟಿ ನೋಡ್ತಾರೆ, ಏನೇನು ಕೇಳ್ತಾರೆ ನೋಡು. ನವೆಂಬರಲ್ಲೇ ಬಾ, ಈ ಊರಿನ ಮಳೆನೂ ಕತ್ತಲೆನೂ ನೋಡಿದಂಗಾಗುತ್ತೆ.

ನಿಮಗೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡ್ತೀನಿ, ಅಪ್ಪನ್ನೂ ಕೂರಿಸ್ಕೋ. ಮತ್ತೆ ಅಷ್ಟರೊಳಗೆ ಅಜ್ಜಿ ಚೀಲ ಒಂದು ಸಲ ಬಿಚ್ಚಿ ನೋಡು, ಏನಿದೆ ಅಂತ ಫೋಟೋ ತೆಗೆದು ಕಳಿಸು.

ನಿನ್ನ
ದೊಡ್ಡಮ್ಮ